ಅಡಿಕೆಗೆ ಹೋದ ಮಾನವೂ ಚೀನಾದ ಕೆಂಪು ಮೊಹರೂ

ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಖೇಣಿ, ಅಂದರೆ ಫಸಲು ಗುತ್ತಿಗೆಯ ಮಾತು ಮುಗಿಯುವುದಕ್ಕೆ ಅರ್ಧ ಗಂಟೆ ಸಾಕು. ತೋಟದ ಯಜಮಾನರು, ಖೇಣಿದಾರರು ಬದುವಿನ ಮೇಲೆ ನಿಂತು ಕೊನೆ ನೋಡುತ್ತಾರೆ. ಕ್ವಿಂಟಲ್ ಹಸಿ ಅಡಿಕೆಗೆ ಎಷ್ಟು ಕೆಜಿ ಒಣ ಅಡಿಕೆ ಲೆಕ್ಕ, ಧಾರಣೆ ಯಾವ ದಿನದ್ದು, ಮುಂಗಡ ಎಷ್ಟು ಎಂದು ಮಾತಾಗುತ್ತದೆ. ‘ಆಯ್ತು ಬಿಡ್ರಿ ಗೌಡ್ರೆ’ ಎಂದರೆ ಲಕ್ಷಾಂತರ ರೂಪಾಯಿಯ ವ್ಯವಹಾರ ಕುದುರಿತು. ಕೊನೆ ತೆಗೆಸುವುದು, ಸುಲಿಸುವುದು, ಬೇಯಿಸಿ ಒಣಗಿಸುವುದು ಎಲ್ಲ ಖೇಣಿದಾರರದು. ಬರಹ ಎಂದರೆ ಸಣ್ಣ ಪುಸ್ತಕದಲ್ಲಿ ಒಂದು ಸಾಲು, ಅದೂ ಒಬ್ಬರ ಬಳಿ ಮಾತ್ರ.

ಇದನ್ನು ಅನಾಗರಿಕ ಪದ್ಧತಿ ಎಂದು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕಲಾರೆ. ಬಾಯಿಮಾತಿನ ಕರಾರೂ ಕರಾರೇ. 1872ರ ಕರಾರು ಕಾಯ್ದೆ ಅದನ್ನು ಒಪ್ಪುತ್ತದೆ. ಅದಕ್ಕಿಂತ ದೊಡ್ಡ ಭದ್ರತೆ ಊರಿನದು. ಖೇಣಿದಾರನ ಮನೆ ಗೊತ್ತು, ಮಾವನ ಮನೆ ಗೊತ್ತು, ಯಾವ ಜಾತ್ರೆಗೆ ಬರುತ್ತಾನೆಂಬುದೂ ಗೊತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಈ ಸೀಮೆಯಲ್ಲಿ ಅಕ್ಷರಶಃ ಸಾಲದ ಜಾಮೀನು. ಚನ್ನಗಿರಿಯಿಂದ ಹೊನ್ನಾಳಿ, ನ್ಯಾಮತಿಯವರೆಗೆ ಈ ಜಾಮೀನು ನಡೆಯುತ್ತದೆ. ಜಗಳೂರಿನ ಮೆಕ್ಕೆಜೋಳಕ್ಕೆ ಬಂದರೆ ಆಗಲೇ ತೆಳುವಾಗುತ್ತದೆ. ಅಲ್ಲಿ ಎಷ್ಟೋ ಸಲ ಕಾಳು ಹೊಲದಲ್ಲೇ ತೂಕವಾಗಿ ಹೊರ ಊರಿನ ಲಾರಿ ಏರುತ್ತದೆ, ರೈತರ ಕೈಯಲ್ಲಿ ಉಳಿಯುವುದು ಲಾರಿಯ ನಂಬರ್ ಒಂದೇ.

ಇನ್ನು ಎದುರಿನ ಪಾಲುದಾರ ಚೀನಾದವನಾದರೆ?

ಪ್ರಶ್ನೆ ದೂರದ್ದೇನಲ್ಲ. ಮರ ಹತ್ತುವವರು ಸಿಗದೆ ತೋಟಗಳಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಗಳಲ್ಲಿ ಚೀನಾದಿಂದ ತರಿಸಿದವೂ ಇವೆ. ಅಲ್ಲಿಯ ಕಾರ್ಖಾನೆಗಳು ಸಾಮಾನ್ಯವಾಗಿ ಕೇಳುವ ಷರತ್ತು ಶೇ. 30 ಮುಂಗಡ, ಉಳಿದ 70 ಮಾಲು ಹಡಗೇರುವ ಮೊದಲು. ಅಂದರೆ ದೋಟಿ ಕಣ್ಣಿಗೆ ಬೀಳುವ ಮೊದಲೇ ಹಣವೆಲ್ಲ ಹೋಗಿರುತ್ತದೆ. ಇದೂ ಖೇಣಿಯೇ, ಬದುವಿನ ಮೇಲೆ ನಿಂತು ನೋಡುವ ಅವಕಾಶ ಇಲ್ಲದ ಖೇಣಿ.

ಚೀನಾದ ಜೊತೆ ವ್ಯವಹರಿಸುವ ಹೊರದೇಶದವರಿಗೆ ವಕೀಲರು ಕೊಡುವ ಆರಂಭಿಕ ಸಲಹೆಗೆ ಈಗ ಒಂದು ಸಿದ್ಧ ರೂಪ ಬಂದಿದೆ. ಅದರಲ್ಲಿ ಅಪ್ಪಟ ಬೆಲೆಯ ಭಾಗ ಮೊದಲ ಕೆಲವು ಪುಟಗಳು. ಚೀನಾದಲ್ಲಿ ಕಂಪನಿಯ ಕಾನೂನುಬದ್ಧ ಹೆಸರು ಚೀನೀ ಲಿಪಿಯಲ್ಲಿರುವುದು ಮಾತ್ರ. ಕಾರ್ಡಿನ ಮೇಲಿನ ಇಂಗ್ಲಿಷ್ ಹೆಸರು ಅವರೇ ಇಟ್ಟುಕೊಂಡ ಅಡ್ಡಹೆಸರು. ಪರವಾನಗಿ ಪತ್ರದಲ್ಲಿ 18 ಅಕ್ಷರ-ಅಂಕಿಗಳ ಒಂದು ಸಂಕೇತ ಇರುತ್ತದೆ. ಅದನ್ನು ಅಲ್ಲಿಯ ಸರ್ಕಾರಿ ದಾಖಲೆಯಲ್ಲಿ ಹಾಕಿ ನೋಡಿದರೆ ಕಂಪನಿ ಬದುಕಿದೆಯೋ ಇಲ್ಲವೋ, ಅದರ ಕಾನೂನು ಪ್ರತಿನಿಧಿ ಯಾರು ಎಂಬುದು ಗೊತ್ತಾಗುತ್ತದೆ. ಸಹಿಗಿಂತ ಅಲ್ಲಿ ಬೆಲೆ ದುಂಡನೆಯ ಕೆಂಪು ಮೊಹರಿಗೆ. ಹಣ ಹೋಗುವ ಖಾತೆ ಅದೇ ಕಂಪನಿಯ ಹೆಸರಿನಲ್ಲಿರಬೇಕು. ‘ಖಾತೆ ಬದಲಾಗಿದೆ, ಇದಕ್ಕೆ ಹಾಕಿ’ ಎಂಬ ಮಿಂಚಂಚೆ ಬಂದರೆ ಫೋನ್ ಮಾಡದೆ ಒಂದು ಪೈಸೆ ಕಳಿಸಬಾರದು. ಹಾಗೆ ನೋಡಿದರೆ ಇವೆಲ್ಲ ಖೇಣಿದಾರನ ಮಾವನ ಮನೆ ಯಾವುದು ಎಂದು ವಿಚಾರಿಸುವ ಕೆಲಸವೇ. ಊರು ತಾನೇ ಮಾಡುತ್ತಿದ್ದುದನ್ನು ಇಲ್ಲಿ ಕಾಗದದಿಂದ ಮಾಡಿಸಬೇಕು, ಅಷ್ಟೆ.

ಆಮೇಲಿನ ಪುಟಗಳ ಬಗ್ಗೆ ನನಗೆ ತಕರಾರಿದೆ. ವಕೀಲರ ಸಲಹೆ ಬೇಗನೆ ವ್ಯಾಜ್ಯದ ಕಡೆ ಜಾರುತ್ತದೆ. ದಾವಣಗೆರೆಯ ನ್ಯಾಯಾಲಯದ ಡಿಕ್ರಿಯನ್ನು ಚೀನಾದಲ್ಲಿ ಜಾರಿ ಮಾಡಿಸಲು ಎರಡು ದೇಶಗಳ ನಡುವೆ ಒಪ್ಪಂದ ಇಲ್ಲ, ಆದ್ದರಿಂದ ಮಧ್ಯಸ್ಥಿಕೆಯ ಕಲಮು ಬರೆಸಿ ಎನ್ನುತ್ತಾರೆ. ಮಾತು ನಿಜ. ಮಧ್ಯಸ್ಥಿಕೆ ತೀರ್ಪುಗಳ ಜಾರಿಗಾಗಿ ಆದ 1958ರ ನ್ಯೂಯಾರ್ಕ್ ಒಡಂಬಡಿಕೆಯಲ್ಲಿ ಎರಡೂ ದೇಶಗಳಿವೆ. ಚೀನಾದಲ್ಲಾದ ಅಂಥ ತೀರ್ಪನ್ನು ಇಲ್ಲಿ ಜಾರಿ ಮಾಡಲು ಭಾರತ 2012ರಲ್ಲಿ ಅಧಿಸೂಚನೆಯನ್ನೂ ಹೊರಡಿಸಿತು. ಆದರೆ ಐದು ಲಕ್ಷದ ದೋಟಿಗಾಗಿ ಸಿಂಗಪುರದಲ್ಲಿ ಪಂಚಾಯಿತಿ ಕೂರಿಸಿದರೆ ಪಂಚರ ಸಂಭಾವನೆಗೇ ದೋಟಿಯ ಹಣ ಸಾಲದು. ಸಣ್ಣ ವರ್ತಕನಿಗೆ ಕಾನೂನು ನೆರವಾಗುವುದಾದರೆ ಮುಂಗಡ ಕೊಡುವ ಮೊದಲೇ ಆಗಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಸಲಹೆಗೆ ಇಷ್ಟೊಂದು ಪುಟ ಯಾಕೆ?

ದೊಡ್ಡವರೂ ಇದನ್ನು ಕಲಿತದ್ದು ಪೆಟ್ಟು ತಿಂದೇ. ಸಂಡೂರು, ಹೊಸಪೇಟೆ ಕಡೆಯ ಅದಿರು ಚೀನಾದ ಬೇಡಿಕೆಯಿಂದಲೇ ಕೆಂಪು ಚಿನ್ನವಾದದ್ದು. 2008ರ ಕೊನೆಗೆ ಜಗತ್ತಿನ ಧಾರಣೆ ಕುಸಿದಾಗ ಚೀನಾದ ಎಷ್ಟೋ ಖರೀದಿದಾರರು ಮೊದಲಿನ ಬೆಲೆಗೆ ಮಾಲು ಎತ್ತಲು ಒಲ್ಲೆವೆಂದರು, ಮತ್ತೆ ಚೌಕಾಸಿಗೆ ಕೂತರು. ಹಡಗು ಹೊರಟ ಮೇಲೆ ಚೌಕಾಸಿ ಎಂದರೆ ಸೋತ ಹಾಗೆಯೇ. ಬ್ಯಾಂಕಿನ ಹಿಂತೆಗೆಯಲಾಗದ ಸಾಖಪತ್ರ (ಲೆಟರ್ ಆಫ್ ಕ್ರೆಡಿಟ್) ಕೈಯಲ್ಲಿದ್ದರೆ ಮಾತು ಬೇರೆ. ದಾಖಲೆಗಳು ಸರಿಯಿದ್ದರೆ ಹಣ ಕೊಡುವ ಹೊಣೆ ಆಗ ಬ್ಯಾಂಕಿನದು, ಖರೀದಿದಾರನ ಮನಸ್ಸು ಬದಲಾದರೂ.

ಅಡಿಕೆಯನ್ನೇ ಚೀನಾಕ್ಕೆ ಮಾರುವ ಆಸೆಯೂ ನಮ್ಮಲ್ಲಿ ಆಗಾಗ ಚಿಗುರುತ್ತದೆ. ಅಲ್ಲಿ ಹುನಾನ್ ಪ್ರಾಂತದ ಜನ ಅಡಿಕೆ ಪ್ರಿಯರು, ಹೈನಾನ್ ದ್ವೀಪದಲ್ಲಿ ಬೆಳೆಯುತ್ತಾರೆ. ಆದರೆ ಅವರು ಜಗಿಯುವುದು ಎಳೆಕಾಯಿಯ ಸಿಪ್ಪೆ. ಒಣಗಿಸಿ, ಸಿಹಿ ಸುವಾಸನೆ ಹಚ್ಚಿದ್ದು. ನಾವು ಸುಲಿದು ಎಸೆಯುವುದನ್ನು ಅವರು ತಿನ್ನುತ್ತಾರೆ, ನಾವು ಚೊಗರಿನಲ್ಲಿ ಬೇಯಿಸಿದ ರಾಶಿ ಅಡಿಕೆ ಅವರಿಗೆ ಅಪರಿಚಿತ. ಕರಾರಿನಲ್ಲಿ ಬರೀ ‘ಅಡಿಕೆ’ ಎಂದು ಬರೆದರೆ ಜಗಳಕ್ಕೆ ಅಷ್ಟೇ ಸಾಕು. ಯಾವ ಹಂತದ ಕಾಯಿ, ತೇವ ಎಷ್ಟು, ಮಾದರಿ ಯಾರ ಬಳಿ ಮೊಹರಾಗಿ ಇರಬೇಕು, ಎಲ್ಲವನ್ನೂ ಚೀನೀ ಭಾಷೆಯಲ್ಲೂ ಬರೆಸಬೇಕು. ಅಲ್ಲಿಯ ನ್ಯಾಯಾಧೀಶರು ಓದುವುದು ಅದನ್ನೇ. ಮಾಲಿನ ಜೊತೆಗೆ ಸರ್ಕಾರದ ಮನಸ್ಸನ್ನೂ ನೋಡಬೇಕು: 2021ರ ಸೆಪ್ಟೆಂಬರ್‌ನಲ್ಲಿ ಚೀನಾ ರೇಡಿಯೋ, ಟಿವಿಗಳಲ್ಲಿ ಅಡಿಕೆಯ ಜಾಹೀರಾತನ್ನೇ ನಿಲ್ಲಿಸಿತು. ನಿಯಮ ಬದಲಾಗಿ ಮಾಲು ಬಂದರಿನಲ್ಲಿ ನಿಂತರೆ ನಷ್ಟ ಯಾರದು ಎಂಬ ಸಾಲು ಮೊದಲೇ ಇರಬೇಕು.

ಖೇಣಿ ಪದ್ಧತಿ ತನ್ನ ಸೀಮೆಯಲ್ಲಿ ಒಳ್ಳೆಯದು, ಆದರೆ ಅದಕ್ಕೂ ಈಗ ವಯಸ್ಸಾಗಿದೆ ಎಂಬುದು ನನ್ನ ತೀರ್ಮಾನ. ಅಡಿಕೆ ಒಯ್ದು ಹಣ ಕೊಡದ ಖೇಣಿದಾರನ ಕಥೆ ಈಗ ಯಾವ ಹಳ್ಳಿಗೂ ಹೊಸದಲ್ಲ. ಆತ ಕೊಟ್ಟ ಚೆಕ್ ವಾಪಸಾದರೆ 30 ದಿನದೊಳಗೆ ನೋಟಿಸ್ ಕೊಡಬೇಕು, ಬಾಕಿ ಹಣದ ದಾವೆಗೆ ಮೂರು ವರ್ಷದ ಗಡುವು ಎಂಬುದು ‘ಹೋಗ್ಲಿ, ಹಬ್ಬ ಆದ್ಮೇಲೆ ಕೊಡ್ತಾನೆ’ ಎಂದು ಕಾದವರಿಗೆ ತಿಳಿಯುವುದು ಗಡುವು ಮುಗಿದ ಮೇಲೆ. ಮನೆಯಲ್ಲಿ ಬರೆಸದೆ ರೂಢಿಯಾದವರು ಹೊರದೇಶದವನ ಮುಂದೆ ದಿಢೀರನೆ ಬರೆಸಿಯಾರೆಂದು ನಂಬುವುದು ಕಷ್ಟ.

ಬಡವರಿಗೆ, ಮಹಿಳೆಯರಿಗೆ ಕಾನೂನು ಸೇವಾ ಸಮಿತಿಗಳಲ್ಲಿ 1987ರ ಕಾಯ್ದೆಯಡಿ ವಕೀಲರ ನೆರವು ಉಚಿತ. ಆ ಸಮಿತಿಗಳೂ ಚನ್ನಗಿರಿಯ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘಗಳೂ ಕೂಡಿ, ಕನ್ನಡದಲ್ಲಿ ಒಂದೇ ಹಾಳೆಯ ಖೇಣಿ ಕರಾರು ಸಿದ್ಧಮಾಡಿ ಕೊಡಲಿ. ಅದರ ಬೆನ್ನಿಗೆ ಹೊರದೇಶದ ವ್ಯವಹಾರಕ್ಕೆ ಇನ್ನೊಂದು ಹಾಳೆ. ಮುಂದಿನ ಕೊಯ್ಲಿಗೆ ಕೊನೆಗಾರರು ತೋಟಕ್ಕೆ ಇಳಿಯುವ ಮೊದಲು ಅದು ಬೆಳೆಗಾರರ ಕೈ ಸೇರಬೇಕು.