‘ವಯಸ್ಸಾಯ್ತಲ್ಲ’ ಎಂಬ ರೋಗನಿರ್ಣಯ

ಸೋಲೂರು ಕಡೆಯ ಹಳ್ಳಿಗಳಲ್ಲಿ ಮುದುಕರ ಯಾವ ನರಳಾಟಕ್ಕೂ ಉತ್ತರ ಸಿದ್ಧವಿರುತ್ತದೆ: ‘ವಯಸ್ಸಾಯ್ತಲ್ಲ, ಇನ್ನೇನ್ ಮಾಡಕಾಯ್ತದೆ?’ ಮನೆಯವರು ಹೇಳುತ್ತಾರೆ, ಆಸ್ಪತ್ರೆಯಲ್ಲೂ ಕೇಳಿಸುತ್ತದೆ, ಕೊನೆಗೆ ಮುದುಕರೇ ಹೇಳಿಕೊಳ್ಳುತ್ತಾರೆ. ಈ ಮಾತಿನ ಮೇಲೆ ನನ್ನ ತಕರಾರಿದೆ.

ಅದು ಪೂರ್ತಿ ಸುಳ್ಳೇನಲ್ಲ. ಮೂತ್ರಪಿಂಡ ಸೋಸುವುದು ಕುಗ್ಗುತ್ತದೆ, ಮೂಳೆ ಸವೆಯುತ್ತದೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ಇವೆಲ್ಲ ವರ್ಷಗಟ್ಟಲೆ ಹಿಡಿಯುವಂಥವು. ಸೋಮವಾರ ಅವರೆಕಾಯಿ ಸುಲಿಯುತ್ತ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ ಅವ್ವ ಗುರುವಾರ ಮಗನ ಗುರುತೇ ಹಿಡಿಯದಿದ್ದರೆ ಅದಕ್ಕೆ ವಯಸ್ಸನ್ನು ದೂರುವಂತಿಲ್ಲ. ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟಿರಬಹುದು. ಮೂತ್ರದ ಸೋಂಕಿರಬಹುದು, ಇಳಿವಯಸ್ಸಿನಲ್ಲಿ ಜ್ವರ ಕಾಣಿಸದೆಯೂ ಸೋಂಕು ಬುದ್ಧಿಯನ್ನು ಕಲಕುತ್ತದೆ. ಹೊಸ ಮಾತ್ರೆ ಮೈಯಿಂದ ಹೊರಹೋಗದೆ ಉಳಿದಿರಬಹುದು. ಕಾರಣ ಹುಡುಕಿದರೆ ಎಷ್ಟೋ ಸಲ ಸರಿಹೋಗುವ ಸ್ಥಿತಿ ಇದು. ನಾವೋ ‘ಅರವತ್ತಕ್ಕೆ ಅರಳು ಮರಳು’ ಎಂದು ಕಂಬಳಿ ಹೊದಿಸಿ ಸುಮ್ಮನಾಗುತ್ತೇವೆ. (‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬೇಂದ್ರೆಯವರಿಗೆ ಅರವತ್ತು ದಾಟಿತ್ತು!)

ಮನೆಯ ಆರೈಕೆಯನ್ನು ಹೀಗಳೆಯುತ್ತಿಲ್ಲ. ಹಲ್ಲಿಲ್ಲದ ಬಾಯಿಗೆ ರಾಗಿ ಮುದ್ದೆಯಂಥ ಊಟ ಇನ್ನೊಂದಿಲ್ಲ: ಅಗಿಯಬೇಕಿಲ್ಲ, ಮೂಳೆಗೆ ಬೇಕಾದ ಸುಣ್ಣದಂಶವೂ ಅದರಲ್ಲಿದೆ. ಆದರೆ ಲಕ್ವ ಹೊಡೆದು ನುಂಗುವ ಶಕ್ತಿ ಸೋತವರಿಗೆ ಅದೇ ತುತ್ತು ಶ್ವಾಸನಾಳಕ್ಕೆ ಇಳಿದೀತು. ಅತ್ತೆಯನ್ನು ಮಲಗಿಸಿಕೊಂಡೇ ಅಕ್ಕರೆಯಿಂದ ಉಣ್ಣಿಸುವ ಸೊಸೆಗೆ, ಎಬ್ಬಿಸಿ ಕೂರಿಸು ಎಂದು ಯಾರು ಹೇಳಿಕೊಟ್ಟಿದ್ದಾರೆ? ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕೆಂಬುದು ಅವಳಿಗೆ ತಿಳಿಯುವುದು ಸೊಂಟದ ಹಿಂದೆ ಹುಣ್ಣಾದ ಮೇಲೆಯೇ. ಹಿರಿಯರ ಆರೋಗ್ಯಕ್ಕೆಂದು 2010–11ರಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವೊಂದು ಶುರುವಾಯಿತು. ಉಪಕೇಂದ್ರದವರು ಮನೆಗೆ ಬಂದು ನೋಡುವುದು, ಆರೈಕೆ ಮಾಡುವವರಿಗೆ ಕಲಿಸುವುದು ಎಲ್ಲವೂ ಅದರ ಕಾಗದದಲ್ಲಿವೆ. ಆ ಕಾಗದ ಸೊಸೆಯ ಅಡುಗೆಮನೆವರೆಗೆ ನಡೆದು ಬರಬೇಕಷ್ಟೇ.

ಇದೇ ಸೋಲೂರು ಸೀಮೆಯ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರಿಗೆ 2018ರ ಡಿಸೆಂಬರಿನಲ್ಲಿ, 111ರ ವಯಸ್ಸಿನಲ್ಲಿ, ಚೆನ್ನೈನಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆ ನಡೆಯಿತು. ವಯಸ್ಸಾಯ್ತಲ್ಲ ಎಂದು ಆ ವೈದ್ಯರು ಕೈಚೆಲ್ಲಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅವ್ವನಿಗೆ ಅಷ್ಟು ದೊಡ್ಡದೇನೂ ಬೇಕಿರಲಿಲ್ಲ. ಒಂದು ಮೂತ್ರಪರೀಕ್ಷೆ, ಕೈಗೆಟಕುವಲ್ಲಿ ಒಂದು ಚೊಂಬು ನೀರು.