ಹಂಬಕರ್ ಮತ್ತು ಚೌಡಿಕೆ: ಯಾವುದು ನಾದ, ಯಾವುದು ಸದ್ದು?

ಚೌಡಿಕೆಯ ಪದಗಳ ಬಗ್ಗೆ ನಾವು ಬರೆಯುವಾಗ ಪದಗಳನ್ನಷ್ಟೇ ಓದುತ್ತೇವೆ, ಚೌಡಿಕೆಯನ್ನು ಕೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜೋಗತಿಯರ ಹಾಡು ಮೊದಲು ಕಿವಿಗೆ ಬೀಳುವುದು ಆ ತಂತಿಯ ಡುಂಯ್ ಸದ್ದಿನಿಂದಲೇ. ಜನಪದ ಸಾಹಿತ್ಯದ ವಿಮರ್ಶೆಯಲ್ಲಿ ಮಾತ್ರ ಅದಕ್ಕೆ ಸಿಗುವುದು ಒಂದು ಅಡಿಟಿಪ್ಪಣಿ. ಯಾವುದು ನಾದ, ಯಾವುದು ಬರೀ ಸದ್ದು ಎಂಬುದನ್ನು ಕಿವಿ ತಾನಾಗಿ ನಿರ್ಧರಿಸುವುದಿಲ್ಲ, ಯಾರೋ ನಿರ್ಧರಿಸಿರುತ್ತಾರೆ. ಇದನ್ನು ನನಗೆ ಸ್ಪಷ್ಟಪಡಿಸಿದ್ದು ನಮ್ಮ ಸೀಮೆಗೆ ಸಂಬಂಧವೇ ಇಲ್ಲದ ಒಂದು ವಸ್ತು: ಎಲೆಕ್ಟ್ರಿಕ್ ಗಿಟಾರಿನ ಹಂಬಕರ್ ಪಿಕಪ್.

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ ಇರುತ್ತದೆ, ಅದರ ಜೊತೆಗೆ ತಾಮ್ರದ ತಂತಿಯ ಸುರುಳಿ. ಮೇಲಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ತೊಂದರೆಯೆಂದರೆ ಆ ಸುರುಳಿ ಸುತ್ತಲಿನ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಜಾತ್ರೆಯ ನಾಟಕದಲ್ಲಿ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ಸ್ಪೀಕರ್ ಗುಂಯ್ ಎನ್ನುವುದನ್ನು ಕೇಳಿದವರಿಗೆ ಇದು ಗೊತ್ತು. ಅದು ನಮ್ಮಲ್ಲಿ 50 ಹರ್ಟ್ಜ್ ವಿದ್ಯುತ್ತಿನ ದನಿ, ಅಮೆರಿಕದಲ್ಲಿ 60.

1955ರಲ್ಲಿ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ ಇದಕ್ಕೊಂದು ಉಪಾಯ ಕಂಡು ಪೇಟೆಂಟಿಗೆ ಅರ್ಜಿ ಹಾಕಿದರು. ಒಂದರ ಬದಲು ಅಕ್ಕಪಕ್ಕ ಎರಡು ಸುರುಳಿ. ಒಂದಕ್ಕೆ ಅಯಸ್ಕಾಂತದ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ. ಎರಡನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಲಾಗಿದೆ. ಹೊರಗಿನ ಗುಂಯ್ ಸದ್ದು ಎರಡಕ್ಕೂ ಒಂದೇ ತೆರನಾಗಿ ಬರುವುದರಿಂದ ವಿರುದ್ಧ ಜೋಡಣೆಯಲ್ಲಿ ಕಳೆದುಹೋಗುತ್ತದೆ. ತಂತಿಯ ದನಿ ಧ್ರುವದಿಂದ ಒಮ್ಮೆ, ಜೋಡಣೆಯಿಂದ ಇನ್ನೊಮ್ಮೆ ತಿರುಗಿ ಮತ್ತೆ ಸರಿಹೋಗುತ್ತದೆ, ಎರಡೂ ಸೇರಿ ಗಟ್ಟಿಯಾಗುತ್ತದೆ.

ಉಪಾಯ ಪುಕ್ಕಟೆಯದಲ್ಲ. ಎರಡು ಸುರುಳಿಗಳು ತಂತಿಯನ್ನು ಎರಡು ಜಾಗದಲ್ಲಿ ಹಿಡಿಯುತ್ತವೆ, ಹಾಗಾಗಿ ಮೇಲಿನ ಕೆಲವು ಸೂಕ್ಷ್ಮ ಸ್ವರಾಂಶಗಳೂ ಅಳಿಯುತ್ತವೆ. ದನಿಯ ಮೊನಚು ಹೋಗಿ ದಪ್ಪವಾಗುತ್ತದೆ. ಸ್ವಚ್ಛತೆಗೆ ತೆತ್ತ ಈ ಬೆಲೆಯೇ ಮುಂದೆ ಹಂಬಕರಿನ ಸೊಗಸು ಎನಿಸಿಕೊಂಡಿತು. ಇನ್ನೂ ವಿಚಿತ್ರವೆಂದರೆ, 1957ರಿಂದ ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂಬ ಚೀಟಿ ಹೊತ್ತು ಬಂದ ಪಿಕಪ್‌ಗಳಲ್ಲಿ ಸುರುಳಿಯ ಸುತ್ತು ಸುಮಾರು 5000 ಇರಬೇಕಿತ್ತು, ಆದರೆ ಲೆಕ್ಕ ಕರಾರುವಾಕ್ಕಾಗಿ ಇರುತ್ತಿರಲಿಲ್ಲ. ಜೋಡಿ ಸುರುಳಿಗಳು ಸಮ ಬಾರದಿದ್ದರೆ ಗುಂಯ್ ಸದ್ದು ಪೂರ್ತಿ ಅಳಿಯುವುದಿಲ್ಲ, ಮೊನಚು ಸ್ವಲ್ಪ ಉಳಿಯುತ್ತದೆ. ಇಂದು ಸಂಗ್ರಾಹಕರು ದುಬಾರಿ ಬೆಲೆ ಕೊಟ್ಟು ಹುಡುಕುವುದು ಇಂಥವನ್ನೇ, ಅಂದರೆ ತಮ್ಮ ಕೆಲಸವನ್ನು ಅರೆಬರೆ ಮಾಡಿದ ಪಿಕಪ್‌ಗಳನ್ನು.

ಚೌಡಿಕೆಯ ಕಟ್ಟೋಣ ಇದಕ್ಕೆ ತದ್ವಿರುದ್ಧ. ಕೊಳಗದಂಥ ಒಂದು ಪಾತ್ರೆ, ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ತಂತಿ ಪಕ್ಕದಲ್ಲಿ ನಿಂತ ಕೋಲಿನ ತುದಿಯ ಬಿರಡೆಗೆ ಸೇರುತ್ತದೆ. ಮಿಡಿದರೆ ತಂತಿ ಚರ್ಮವನ್ನೇ ಎಳೆಯುತ್ತದೆ. ಬಿಗಿ ಹೆಚ್ಚುಕಡಿಮೆಯಾದಂತೆ ದನಿ ಜಾರುತ್ತದೆ, ಏರುತ್ತದೆ. ಅದು ತಂತಿವಾದ್ಯವೋ ಚರ್ಮವಾದ್ಯವೋ ಎಂದು ಬೇರ್ಪಡಿಸಲು ಬರುವುದಿಲ್ಲ. ಶ್ರುತಿ, ತಾಳ, ಕೊಸರು ಎಲ್ಲವೂ ಒಂದೇ ಮಿಡಿತದಲ್ಲಿ ಬರುತ್ತವೆ. ಇದರ ಕೊಸರನ್ನು ತೆಗೆದರೆ ವಾದ್ಯವೇ ಉಳಿಯುವುದಿಲ್ಲ.

ಈಗ ಮುದ್ರಿತ ಪಠ್ಯಕ್ಕೆ ಬರೋಣ. ಹಂಬಕರ್ ಎರಡೂ ಸುರುಳಿಗೆ ಸಮಾನವಾಗಿ ಬಂದದ್ದನ್ನು ಅಳಿಸುತ್ತದೆ. ಮುದ್ರಣವೂ ಸಾಲುಸಾಲಿಗೆ ಸಮಾನವಾಗಿ ಬರುವುದನ್ನೇ ಅಳಿಸುತ್ತದೆ: ಹಿಮ್ಮೇಳದವರು ಎತ್ತಿಕೊಳ್ಳುವ ಸೊಲ್ಲು, ಅರ್ಥವಿಲ್ಲದ ಎಳೆತ, ಉಧೋ ಉಧೋ ಎಂಬ ಕೂಗು, ಮಾತು ನಿಂತಾಗ ಚೌಡಿಕೆ ಕೊಡುವ ಉತ್ತರ. ರೇಣುಕೆಯ ಕಥೆ ಉಳಿಯುತ್ತದೆ, ಅದನ್ನು ಹೇಳಿದವಳ ಉಸಿರು ಹೋಗುತ್ತದೆ. ಆಮೇಲೆ ಆ ಕಥೆಯನ್ನೇ ಓದಿ ಇದರಲ್ಲಿ ಪುನರುಕ್ತಿ ಹೆಚ್ಚು, ಬಂಧ ಸಡಿಲ ಎಂದು ತೀರ್ಪು ಕೊಡುತ್ತೇವೆ. ಸಡಿಲವಾದದ್ದು ಹಾಡಲ್ಲ, ನಾವು ಬಿಚ್ಚಿದ ಮೇಲೆ ಉಳಿದ ಪಠ್ಯ.

ಹಾಗಾದರೆ ಎಲ್ಲವನ್ನೂ ಇದ್ದಂತೆ ಕಾಪಾಡಬೇಕೆ? ಇಲ್ಲೊಂದು ಅಪಾಯವಿದೆ. ಇದೇ ಸೀಮೆಯ ಎಷ್ಟೋ ಹೆಣ್ಣುಮಕ್ಕಳಿಗೆ ಆ ನಾದದ ಜೊತೆ ಮುತ್ತು ಕಟ್ಟಿಸಿಕೊಂಡ ಬದುಕೂ ಅಂಟಿ ಬಂತು. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ನಿಷೇಧಿಸಬೇಕಾದದ್ದೇ. ‘ಅಸಲಿ ದೇಸಿ ದನಿ’ ಎಂದು ಹಂಬಲಿಸುವ ಸಂಶೋಧಕ ಈ ಬದುಕನ್ನೂ ಹಳೆಯ ಪಿಕಪ್‌ನ ಚೀಟಿಯಂತೆ ಮೆಚ್ಚಿಕೊಳ್ಳಬಾರದು. ಪದ್ಧತಿ ಅಳಿಯಬೇಕು. ಅದರ ಜೊತೆಗೆ ಹಾಡಿದವರ ಕಲೆಯೂ ಅಳಿಯಬೇಕಿಲ್ಲ.

ಈ ಎರಡನ್ನೂ ಬಿಡಿಸಿ ನೋಡುವ ಹಕ್ಕು ಮೊದಲು ಹಾಡುವವರದು. ಇದೇ ವಿಜಯನಗರ ಜಿಲ್ಲೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಕಾಳವ್ವ ಜೋಗತಿಯವರ ಮೇಳದಲ್ಲಿ ಬೆಳೆದು, ಜೋಗತಿ ನೃತ್ಯವನ್ನು ರಂಗದ ಮೇಲೆ ನಿಲ್ಲಿಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂಗಳದಿಂದ ರಂಗಕ್ಕೆ ಬರುವಾಗ ಏನನ್ನು ತರಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆ ಇಲ್ಲಿ ಕಲಾವಿದೆಯ ಕೈಯಲ್ಲಿತ್ತು. ಪುಸ್ತಕದ ಸಂಪಾದಕನ ಆಯ್ಕೆಗೂ ಇದಕ್ಕೂ ಇರುವ ಅಂತರ ದೊಡ್ಡದು.

ವಿಮರ್ಶೆ ಮಾಡಬಹುದಾದ ಕೆಲಸ ಸಣ್ಣದು. ಮುಂದಿನ ಸಂಕಲನದಲ್ಲಿ ಚೌಡಿಕೆ ಎಲ್ಲಿ ಮಾತಾಡಿತು, ಹಿಮ್ಮೇಳ ಎಲ್ಲಿ ಎತ್ತಿಕೊಂಡಿತು ಎಂದು ಸಾಲಿನ ಪಕ್ಕದಲ್ಲೇ ಗುರುತು ಹಾಕೋಣ. ಏನನ್ನಾದರೂ ಬಿಟ್ಟಿದ್ದರೆ ಬಿಟ್ಟವರು ಯಾರು, ಯಾಕೆ ಬಿಟ್ಟರು ಎಂದು ಬರೆಯೋಣ. ಅಷ್ಟಾದ ಮೇಲೆ ಹಾಡಿನ ಬಂಧ ಬಿಗಿಯೋ ಸಡಿಲವೋ ಎಂದು ಚರ್ಚೆ ಮಾಡಬಹುದು.