ಮುನ್ನೂರು ಸುತ್ತಿನ ಒಂದೇ ಗೆರೆ

ಅಫಜಲಪುರದಲ್ಲಿ ನಮ್ಮ ಕಾಕಾ ಅವರ ಮನೆಯ ಹಿಂದೆ ತಗಡಿನ ಶೆಡ್ಡು, ಅದರೊಳಗೆ ಒಂದು ಸಣ್ಣ ಮಿಲ್ಲಿಂಗ್ ಮಷಿನ್. ಗಾಣಗಾಪುರದ ದಾರಿಯ ಕಬ್ಬಿನ ಹಾಲಿನ ಅಂಗಡಿಗೆ ಹೊಸ ಬೇರಿಂಗ್ ಹೌಸಿಂಗ್ ಬೇಕಾಗಿತ್ತು. ಬೀಡಿನ ಎರಕದಲ್ಲಿ 6205 ಬೇರಿಂಗ್ ಕೂರುವಂತೆ 52 ಮಿ.ಮೀ. ಮನೆ ಕೊರೆಯಬೇಕು. ಸಣ್ಣದಾಗುವಂತಿಲ್ಲ, ದೊಡ್ಡದಾದರೆ 0.03 ಮಿ.ಮೀ., ಅಷ್ಟೇ.

ಇಷ್ಟು ವರ್ಷ ಕಾಕಾ ಹ್ಯಾಂಡಲ್ ತಿರುವಿಯೇ ಮಷಿನ್ನಿನ ತಲೆ ಇಳಿಸುತ್ತಿದ್ದರು. ಪಳಗಿದ ಕೈ ಅವರದು. ಆದರೂ ಹಿಡಿತ ಬದಲಿಸುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ. ಟೂಲ್ ಮಾತ್ರ ಅಲ್ಲೇ ತಿರುಗುತ್ತಿರುತ್ತದೆ, ಗೋಡೆಯ ಮೇಲೆ ಉಂಗುರ ಬೀಳುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ದೊಡ್ಡ ಯಂತ್ರಗಳಿಗೆ ಈ ಚಿಂತೆಯಿಲ್ಲ, ಅವುಗಳ ಮೇಜು ಮೋಟಾರಿನ ಬಲದಲ್ಲೇ ಏರಿಳಿಯುತ್ತದೆ. ಮನೆಯ ಮಷಿನ್ನಿಗೆ ಆ ಭಾಗ್ಯವನ್ನು ಕೈಯಾರೆ ಕಟ್ಟಿಕೊಡಬೇಕು.

ಕಾಕಾ ಆಳಂದದ ಗುಜರಿಯಿಂದ ಕಾರಿನ ವೈಪರ್ ಮೋಟಾರ್ ತಂದರು. 12 ವೋಲ್ಟಿನದು. ಒಳಗೇ ವರ್ಮ್ ಗೇರ್ ಇರುವುದರಿಂದ ನಿಧಾನ ಅದಕ್ಕೆ ಹುಟ್ಟುಗುಣ. ಹಲ್ಲಿನ ಬೆಲ್ಟು ಹಾಕಿ ಇನ್ನಷ್ಟು ನಿಧಾನ ಮಾಡಿದರು. ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಇಳಿಸುತ್ತದೆ, ನಿಮಿಷಕ್ಕೆ ಐದೇ ಸುತ್ತು. ಬ್ಯಾಟರಿ ಇಡಲಿಲ್ಲ. ನಮ್ಮ ಕಡೆ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ. ಟೂಲ್ ತಿರುಗುವುದು ನಿಂತು ತಲೆ ಮಾತ್ರ ಇಳಿಯುತ್ತಿದ್ದರೆ ಮೊನೆ ಮುರಿದೇ ಹೋಗುತ್ತದೆ. ಅದಕ್ಕೇ ಎರಡಕ್ಕೂ ಒಂದೇ ಸ್ವಿಚ್ಚು. ಈ ಮುಂದಾಲೋಚನೆ ನನಗೆ ಮೋಟಾರಿಗಿಂತ ಹೆಚ್ಚು ಇಷ್ಟವಾಯಿತು.

ಸ್ವಿಚ್ ಒತ್ತಿದರು. ತಲೆ ಇಳಿಯುವುದು ಕಣ್ಣಿಗೆ ಕಾಣಲೇ ಇಲ್ಲ.

"ಕಾಕಾ, ನಡದದೇನ್ರಿ ಇದು?"

"ನಡದದ. ನೋಡಬ್ಯಾಡ, ಸಪ್ಪಳ ಕೇಳು."

ಕೇಳಿದೆ. ನಸುಕಿನಲ್ಲಿ ಪಕ್ಕದ ಮನೆಯಲ್ಲಿ ಬೀಸುಕಲ್ಲು ತಿರುಗಿದಂಥ ನಾದ, ಏರಿಲ್ಲ, ಇಳಿವಿಲ್ಲ. ಬೀಡಿನ ಪುಡಿ ಕಾಡಿಗೆಯಂತೆ ಉದುರುತ್ತಿತ್ತು. ತಲೆಯ ಭಾರವೇ ನಟ್ಟನ್ನು ಸ್ಕ್ರೂವಿನ ಹಲ್ಲಿಗೆ ಒತ್ತಿ ಹಿಡಿದಿದ್ದರಿಂದ ಸಡಿಲು, ನಡುಕ ಒಂದೂ ಇರಲಿಲ್ಲ. 15 ಮಿ.ಮೀ. ಆಳಕ್ಕೆ 45 ಸೆಕೆಂಡು. ಲಿಮಿಟ್ ಸ್ವಿಚ್ 'ಟಿಕ್' ಎಂದಿತು, ಎಲ್ಲ ನಿಂತಿತು.

ಕಾಕಾ ಹೌಸಿಂಗ್ ಒರೆಸಿ ಬಾಗಿಲ ಬಿಸಿಲಿಗೆ ಹಿಡಿದರು. ಟೂಲ್ ನಿಮಿಷಕ್ಕೆ 400 ಸುತ್ತು ತಿರುಗಿತ್ತು, ಅಂದರೆ ಒಳಗೋಡೆಯಲ್ಲಿ ಮುನ್ನೂರು ಸುತ್ತು, ಒಂದರಿಂದ ಇನ್ನೊಂದಕ್ಕೆ 0.05 ಮಿ.ಮೀ. ಅಂತರ. ಜೇವರ್ಗಿಯ ಎರೆಹೊಲದಲ್ಲಿ ಎತ್ತುಗಳು ಹದವಾಗಿ ನಡೆದ ದಿನ ಕೂರಿಗೆ ಬಿಟ್ಟುಹೋದ ಸಾಲುಗಳನ್ನು ದೂರದಿಂದ ನೋಡಿದ್ದೇನೆ. ಅದೇ ಸಮ, ಅದೇ ಸಮಾಧಾನ. ಆದರೆ ಹೊಲದಲ್ಲಿ ಸಾಲಿನ ಕೊನೆಗೆ ಎತ್ತು ತಿರುಗಿಸಲೇಬೇಕು. ಇಲ್ಲಿ ಮೊದಲಿನಿಂದ ತಳದವರೆಗೆ ಎಲ್ಲಿಯೂ ಎತ್ತದೆ ಎಳೆದ ಒಂದೇ ಗೆರೆ. ಬೆಳಕು ಅದರ ಮೇಲೆ ರೇಷ್ಮೆಯಂತೆ ಜಾರಿತು.

ಕಾಕಾ ಬೇರಿಂಗಿಗೆ ಒಂದು ಹನಿ ಎಣ್ಣೆ ಸವರಿ ಅಂಗೈಯಿಂದ ಮೆಲ್ಲಗೆ ಒತ್ತಿದರು. ಕೂತಿತು. ಆಮೇಲೆ ಅದನ್ನು ಮತ್ತೆ ತೆಗೆದು, ಹೌಸಿಂಗನ್ನು ನನ್ನ ಕೈಗೆ ಕೊಟ್ಟು, "ಬೆರಳಾಡಿಸು" ಎಂದರು.